ಐದು ನಿಮಿಷದಿಂದ ಇಪ್ಪತ್ತಕ್ಕೆ: ನನ್ನ ಸ್ಟ್ಯಾಂಡಪ್ ಲೆಕ್ಕದ ಪುಸ್ತಕ

2025 ಫೆಬ್ರವರಿ 16, ಭಾನುವಾರ

ನಿನ್ನೆ ರಾತ್ರಿ ಮೊದಲ ಸಲ ಪೂರ್ತಿ ಇಪ್ಪತ್ತು ನಿಮಿಷ ಸ್ಟ್ಯಾಂಡಪ್ ಮಾಡಿದೆ, ಅಂದರೆ ಒಬ್ಬಳೇ ಮೈಕ್ ಮುಂದೆ ನಿಂತು ಜನರನ್ನು ನಗಿಸುವುದು. ಹೊಸ ಮಾತನ್ನು ಪರೀಕ್ಷೆ ಮಾಡುವ ಓಪನ್ ಮೈಕ್ ಅಲ್ಲ, ಟಿಕೆಟ್ ಇಟ್ಟಿದ್ದ ಕನ್ನಡ ಶೋ. ಮೂರು ಜನ ಹಂಚಿಕೊಂಡಿದ್ದೆವು. ಉಳಿದಿಬ್ಬರಿಗೆ ಇನ್ನೂ ಮೂವತ್ತು ದಾಟಿಲ್ಲ, ನನಗೆ 57. ಅರವತ್ತು ಕುರ್ಚಿಯಲ್ಲಿ 54 ತುಂಬಿತ್ತು. ಕೆಳಗಿಳಿದು ಬಂದಾಗ ಕೈ ನಡುಗುತ್ತಿತ್ತು, ಖುಷಿಗೆ. ನನ್ನ ಪಾಲಿನ 1,500 ರೂಪಾಯಿಯ ಕವರನ್ನು ದೇವರ ಮುಂದೆ ಇಟ್ಟಿದ್ದೇನೆ.

ಬೆಳಿಗ್ಗೆ ಎಂದಿನ ಹಾಗೆ ಸೊಪ್ಪು ಬಿಡಿಸುತ್ತಾ ರೆಕಾರ್ಡಿಂಗ್ ಕೇಳಿದೆ. 20 ನಿಮಿಷ 40 ಸೆಕೆಂಡ್. ನಗು 61 ಸಲ, ಚಪ್ಪಾಳೆ 4 ಸಲ. ಪೂರ್ತಿ ಮೌನ ಎರಡು ಕಡೆ. ಎರಡೂ ಪಾಸ್‌ಬುಕ್ ಎಂಟ್ರಿಯ ಭಾಗದಲ್ಲೇ. ಅದನ್ನು ತೆಗೆಯಬೇಕು.

ಹದಿನೆಂಟು ತಿಂಗಳ ಲೆಕ್ಕವನ್ನು ಒಂದೇ ಕಡೆ ಬರೆದಿಡೋಣ ಅನ್ನಿಸಿತು. ನನ್ನ ವಯಸ್ಸಿನವರು ಯಾರಾದರೂ ಶುರು ಮಾಡಬೇಕು ಅಂತ ಯೋಚಿಸುತ್ತಿದ್ದರೆ ಉಪಯೋಗಕ್ಕೆ ಬರಲಿ.

ಶುರುವಾಗಿದ್ದು ಹೀಗೆ

ನಾನು 1987ರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಕೆಲಸಕ್ಕೆ ಸೇರಿದವಳು. ದೂರದ ಊರಿನ ಕರೆಗಳನ್ನು ಕೈಯಲ್ಲೇ ಜೋಡಿಸುವ ಟ್ರಂಕ್ ಬೋರ್ಡಿನ ಮುಂದೆ, ತಲೆಗೆ ಹೆಡ್‌ಸೆಟ್ ಹಾಕಿಕೊಂಡು ಕೂರುವ ಕೆಲಸ. ಜನರೇ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಊರೂರಿಗೆ ಬಂದ ಮೇಲೆ ಆ ಬೋರ್ಡೇ ಹೋಯಿತು. ಆಮೇಲೆ ಬೇರೆ ಬೇರೆ ಸೆಕ್ಷನ್‌ಗಳಲ್ಲಿ ದುಡಿದೆ. 2000ದಲ್ಲಿ ಇಲಾಖೆ ಬಿಎಸ್‌ಎನ್‌ಎಲ್ ಆಯಿತು. 2020ರ ಜನವರಿ 31ರಂದು ದೇಶದಲ್ಲಿ ಸುಮಾರು 78 ಸಾವಿರ ಜನ ಒಟ್ಟಿಗೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಂಡು ಹೊರಗೆ ಬಂದರಲ್ಲ, ಅವರಲ್ಲಿ ನಾನೂ ಒಬ್ಬಳು. ಎರಡು ತಿಂಗಳಿಗೆ ಕೊರೋನಾ ಬಂತು. ಮೂವತ್ತಮೂರು ವರ್ಷ ದಿನಕ್ಕೆ ನೂರಾರು ಜನರ ಜೊತೆ ಮಾತಾಡಿದವಳಿಗೆ ಮಾತೇ ನಿಂತುಹೋಯಿತು. ಆ ಎರಡು ವರ್ಷ ನನಗೆ ಬಹಳ ಕಷ್ಟವಾಯಿತು.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಬಸ್ಸಿನಲ್ಲಿ ದುಡ್ಡು ಕೊಡುವ ಹಾಗಿಲ್ಲ ಅಂದಾಗ ಸುಮ್ನೆ ಊರು ಸುತ್ತುವ ಅಭ್ಯಾಸ ಆಯಿತು. ಹಾಗೇ ಆ ಸೆಪ್ಟೆಂಬರಿನಲ್ಲಿ ಮಗ ಸೊಸೆ ಒಂದು ಕನ್ನಡ ಸ್ಟ್ಯಾಂಡಪ್‌ಗೆ ಕರೆದುಕೊಂಡು ಹೋದರು. ನಾನು ಹಾಸ್ಯ ಸಂಜೆಗಳನ್ನು ಕೇಳಿ ಬೆಳೆದವಳು. ಪ್ರಾಣೇಶ್, ಪ್ರೊ. ಕೃಷ್ಣೇಗೌಡ, ಸುಧಾ ಬರಗೂರು ಅಂದರೆ ಎಲ್ಲಿದ್ದರೂ ಹೋಗಿ ಕೂರುತ್ತಿದ್ದೆ. ಮಾಸ್ಟರ್ ಹಿರಣ್ಣಯ್ಯನವರ ನಾಟಕಕ್ಕೆ ಅಪ್ಪನ ಜೊತೆ ಹೋಗಿದ್ದು ಇನ್ನೂ ನೆನಪಿದೆ. ಆದರೆ ಇಲ್ಲಿ ಬರೀ ಒಂದು ಮೈಕು, ಒಂದು ಸ್ಟೂಲು. ಸೊಸೆಯ ವಯಸ್ಸಿನ ಹುಡುಗಿಯೊಬ್ಬಳು ಬಂದು ತನ್ನ ಪಿಜಿಯ ಕಥೆ ಹೇಳಿದಳು. ಹತ್ತು ನಿಮಿಷ, ಅಷ್ಟೇ. ಮನೆಗೆ ಬರುವ ದಾರಿಯಲ್ಲಿ ಮಗನಿಗೆ ಕೇಳಿದೆ, "ಇದಕ್ಕೆ ಹೆಸರು ಎಲ್ಲಿ ಕೊಡಬೇಕಪ್ಪಾ?"

ಅವನು ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದ. ಮಾರನೇ ದಿನ ಅವನೇ ಫಾರಂ ತುಂಬಿಕೊಟ್ಟ.

ಮೊದಲ ಹತ್ತು ಮೈಕು

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಓಪನ್ ಮೈಕ್ ಅಂದರೆ ಹನ್ನೆರಡು ಹದಿನೈದು ಜನ ಒಬ್ಬರಾದ ಮೇಲೆ ಒಬ್ಬರು ಬಂದು ತಮ್ಮ ಹೊಸ ಮಾತನ್ನು ಪರೀಕ್ಷೆ ಮಾಡುವ ಜಾಗ. ಒಬ್ಬೊಬ್ಬರಿಗೆ ನಾಲ್ಕೈದು ನಿಮಿಷ. ನಿಮಿಷ ಉಳಿದಿದೆ ಅನ್ನುವಾಗ ಹಿಂದಿನಿಂದ ಮೊಬೈಲ್ ಟಾರ್ಚ್ ತೋರಿಸುತ್ತಾರೆ. ಕೇಳುವವರಲ್ಲಿ ಅರ್ಧ ಜನ ತಮ್ಮ ಸರದಿಗೆ ಕಾಯುತ್ತಿರುವ ಕಾಮಿಡಿಯನ್‌ಗಳೇ.

ಮೊದಲ ದಿನ ನಾನು ಹೇಳಿದ್ದು ನಮ್ಮ ಚಿಕ್ಕಮ್ಮನ ಮದುವೆಯ ಕಥೆ. ಮನೆಯಲ್ಲಿ ಅದನ್ನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಪ್ರತಿ ಸಲವೂ ಎಲ್ಲರೂ ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾರೆ. ಅಲ್ಲಿ ಎರಡು ನಗು ಬಂತು. ಎರಡನೇ ವಾರ ಒಂದು. ಮೂರನೇ ವಾರ ಇನ್ನೂ ನಿಧಾನವಾಗಿ ಹೇಳಿ ನೋಡಿದೆ. ಒಂದೂ ಬರಲಿಲ್ಲ.

ಯಾಕೆ ಅಂತ ತಿಳಿಯಲು ಎರಡು ತಿಂಗಳು ಬೇಕಾಯಿತು. ಮನೆಯಲ್ಲಿ ಎಲ್ಲರಿಗೂ ಆ ಚಿಕ್ಕಮ್ಮ ಗೊತ್ತು. ನಾನು "ಚಿಕ್ಕಮ್ಮ ಕೊಡೆ ಹುಡುಕ್ತಾ ಇದ್ರು" ಅಂದರೆ ಸಾಕು, ಅವರ ಕಣ್ಣ ಮುಂದೆ ಚಿಕ್ಕಮ್ಮನೇ ಬಂದು ನಿಲ್ಲುತ್ತಾರೆ. ಅಲ್ಲಿದ್ದ ಇಪ್ಪತ್ತು ಜನಕ್ಕೆ ಆ ಚಿಕ್ಕಮ್ಮ ಯಾರೂ ಅಲ್ಲ. ಅವರನ್ನು ಪರಿಚಯ ಮಾಡಿಕೊಡುವಷ್ಟರಲ್ಲೇ ಟಾರ್ಚ್ ಬೀಳುತ್ತಿತ್ತು. ನಮ್ಮಂಥ ವಯಸ್ಸಾದವರ ಹತ್ತಿರ ಕಥೆಗಳು ಬೇಕಾದಷ್ಟಿವೆ. ಆದರೆ ಕಥೆ ಬೇರೆ, ಸೆಟ್ (ವೇದಿಕೆಗೆ ಅಂತ ಕಟ್ಟಿದ ಮಾತು) ಬೇರೆ. ಯಾರೂ ನನಗೆ ಇದನ್ನು ಮೊದಲೇ ಹೇಳಿರಲಿಲ್ಲ, ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಹಾಸ್ಯ ಸಂಜೆಯಲ್ಲಿ ಒಬ್ಬರಿಗೆ ಮುಕ್ಕಾಲು ಗಂಟೆ, ಒಂದು ಗಂಟೆ ಸಿಗುತ್ತದೆ. ಊರು, ಮೇಷ್ಟ್ರು, ಬಸ್ ಸ್ಟ್ಯಾಂಡು, ಗಾದೆ, ಪದ್ಯ, ಎಲ್ಲ ಸುತ್ತಿಕೊಂಡು ಬರಬಹುದು. ಆ ಸುತ್ತಾಟದಲ್ಲೇ ರುಚಿ ಇರುವುದು. ಐದು ನಿಮಿಷದಲ್ಲಿ ಅದಕ್ಕೆ ಜಾಗ ಇಲ್ಲ.

ಮೂರು ನಿಮಿಷ ಆಯ್ತು

2024ರ ಫೆಬ್ರವರಿಯಲ್ಲಿ ದಾರಿ ಸಿಕ್ಕಿತು. 22ನೇ ಮೈಕು ಅದು. ಟಾರ್ಚ್ ಬಿದ್ದಾಗ ನನ್ನ ಬಾಯಿಂದ ತಾನಾಗಿ ಬಂತು, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಹಳೇ ಆಪರೇಟರ್ ದನಿ. ಟ್ರಂಕ್ ಕಾಲಿಗೆ ಮೂರು ಮೂರು ನಿಮಿಷದ ಲೆಕ್ಕ ಇರುತ್ತಿತ್ತು, ಮುಗಿದ ಕೂಡಲೇ ನಾವು ಮಧ್ಯೆ ಬಂದು ಹೀಗೆ ಕೇಳುತ್ತಿದ್ದೆವು. ಆವತ್ತಿನ ದೊಡ್ಡ ನಗು ಅದಕ್ಕೇ ಬಂತು.

ರಾತ್ರಿ ನಿದ್ದೆ ಬರಲಿಲ್ಲ. ಜನ ಮೂರು ನಿಮಿಷದಲ್ಲಿ ಹೇಗೆ ಮಾತಾಡುತ್ತಿದ್ದರು ಅಂತ ನೆನಪು ಮಾಡಿಕೊಂಡೆ. ಆರ್ಡಿನರಿ ಕಾಲಿಗೆ ಒಂದು ರೇಟು, ಅರ್ಜೆಂಟಿಗೆ ಅದರ ಎರಡು ಪಟ್ಟು, ಲೈಟ್ನಿಂಗ್ ಕಾಲಿಗೆ ಎಂಟು ಪಟ್ಟು. ಅಷ್ಟು ದುಡ್ಡು ಸುರಿದವರೂ ಲೈನ್ ಸಿಕ್ಕ ತಕ್ಷಣ ಮೊದಲು ಕೇಳುತ್ತಿದ್ದದ್ದು, "ಊಟ ಆಯ್ತಾ?" ಆಮೇಲೆ "ಏನಡುಗೆ?" ಆಮೇಲೆ ಮಳೆ. ಎರಡು ನಿಮಿಷ ಐವತ್ತು ಸೆಕೆಂಡಿಗೆ, "ಅಂದ ಹಾಗೆ, ಗಂಡು ಮಗು!" ಕಟ್.

ಇದೇ ನನ್ನ ಮೊದಲ ಗಟ್ಟಿ ಬಿಟ್, ಅಂದರೆ ಹಾಸ್ಯದ ತುಣುಕು, ಆಯಿತು. ನಿನ್ನೆಯೂ ಅದಕ್ಕೇ ಎಲ್ಲಕ್ಕಿಂತ ಜಾಸ್ತಿ ನಗು. ಇನ್ನೊಂದು ವಿಷಯವೂ ಆ ರಾತ್ರಿಯೇ ಹೊಳೆಯಿತು. ಚಿಕ್ಕಮ್ಮನ ಕಥೆಯಲ್ಲಿ ನಾನೂ ಎರಡು ನಿಮಿಷ ಐವತ್ತು ಸೆಕೆಂಡ್ ಊಟ, ಮಳೆ ಅಂತಲೇ ಕಳೆಯುತ್ತಿದ್ದೆ. ಅವತ್ತಿನಿಂದ ಏನು ಬರೆದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಸುದ್ದಿ ಯಾವುದು, ಅದಕ್ಕೆ ಮುಂಚೆ ಎಷ್ಟು ಮಾತು?

ಒಂದು ನಿಯಮ ಮಾತ್ರ ಮೊದಲ ದಿನದಿಂದ ಇದೆ. ಬೋರ್ಡಿನಲ್ಲಿ ಕಿವಿಗೆ ಬಿದ್ದ ಮಾತನ್ನು ಹೊರಗೆ ಹೇಳಬಾರದು ಅಂತ ಕಲಿತವಳು ನಾನು. ಹಾಗಾಗಿ ಯಾರ ಕರೆಯನ್ನೂ ಇದ್ದ ಹಾಗೆ ವೇದಿಕೆಗೆ ತರುವುದಿಲ್ಲ.

ಪಿ.ಪಿ. ನಂಬರ್, ಆರು ರೂಪ

ಆಗ ಮನೆಯಲ್ಲಿ ಫೋನಿಲ್ಲದವರು ಪಕ್ಕದ ಮನೆಯ ನಂಬರ್ ಕೊಟ್ಟು, ಅದರ ಮುಂದೆ ಪಿ.ಪಿ. ಅಂತ ಬರೆಯುತ್ತಿದ್ದರು. ನನ್ನ ವಯಸ್ಸಿನವರಿಗೆ ಹೇಳಬೇಕಾಗಿಯೇ ಇಲ್ಲ. ಆದರೆ ಮೈಕಿಗೆ ಬರುವ ಹುಡುಗರು ಹುಟ್ಟಿದ್ದೇ ಮೊಬೈಲ್ ಬಂದ ಮೇಲೆ. ಮೊದಲ ರೂಪದಲ್ಲಿ ಪಿ.ಪಿ. ಅಂದರೇನು ಅಂತ ವಿವರಿಸಲು ನನಗೆ 70 ಸೆಕೆಂಡ್ ಹಿಡಿಯುತ್ತಿತ್ತು. ಪಾಠ ಮಾಡಿದ ಹಾಗೆ ಇರುತ್ತಿತ್ತು. ಎರಡನೇ ರೂಪದಲ್ಲಿ 45. ಐದನೆಯದರಲ್ಲೂ 30ಕ್ಕಿಂತ ಕೆಳಗೆ ಇಳಿಯಲಿಲ್ಲ.

ಸಹಾಯ ಮಾಡಿದ್ದು ಜೊತೆಗಿದ್ದ ಹುಡುಗ. "ಆಂಟಿ, ನೀವು ನಿಮ್ಮ ಕಾಲಕ್ಕೆ ನಮ್ಮನ್ನ ಕರ್ಕೊಂಡು ಹೋಗ್ತಿದ್ದೀರ. ಅದನ್ನೇ ನಮ್ಮ ಮೊಬೈಲಿಗೆ ತನ್ನಿ" ಅಂದ. ಈಗಿನ ರೂಪ ಹೀಗಿದೆ:

"ನಿಮಗೆ ಬರೋ ವಾಟ್ಸಾಪ್ ಎಲ್ಲ ಮೊದಲು ಪಕ್ಕದ ಮನೆ ಆಂಟಿಗೆ ಹೋಗುತ್ತೆ. ಅವರು ಓದಿ, ಆಮೇಲೆ ಕಿಟಕಿಯಿಂದ ನಿಮ್ಮನ್ನ ಕೂಗ್ತಾರೆ. 1988ರಲ್ಲಿ ನಮ್ಮ ಫೋನು ಹಾಗೇ ಇತ್ತು. ಗಂಡಿನ ಕಡೆಯವರು ಒಪ್ಪಿದ್ರು ಅನ್ನೋದು ನನಗಿಂತ ಮೊದಲು ಆಂಟಿಗೆ ಗೊತ್ತಾಯ್ತು. ಬ್ಲೂ ಟಿಕ್ ಇರಲಿಲ್ಲ. ಪರದೆ ಅಲ್ಲಾಡ್ತಿತ್ತು."

ಪಿ.ಪಿ. ಅನ್ನುವ ಹೆಸರೇ ಇದರಲ್ಲಿಲ್ಲ. ಅದನ್ನು ತೆಗೆಯಲು ನನಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಪರದೆಯ ಮಾತಿಗೆ ಪ್ರತಿ ಸಲ ನಗು ಬರುತ್ತದೆ, ಒಂದು ದಿನವೂ ತಪ್ಪಿಲ್ಲ.

ಕಾರ್ಡಿನ ಡಬ್ಬ

ಫಿಲಿಸ್ ಡಿಲ್ಲರ್ ಬಗ್ಗೆ ಮಗ ತೋರಿಸಿದ. ಅಮೆರಿಕದ ಕಾಮಿಡಿಯನ್. ಐದು ಮಕ್ಕಳ ತಾಯಿ, ರೇಡಿಯೋಗೆ ಜಾಹೀರಾತು ಬರೆಯುತ್ತಿದ್ದರು. 1955ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪರ್ಪಲ್ ಆನಿಯನ್ ಕ್ಲಬ್ಬಿನಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ 37 ವರ್ಷ. ಎರಡು ವಾರಕ್ಕೆ ಅಂತ ಕರೆದಿದ್ದರು, 89 ವಾರ ನಡೆಯಿತು. 2002ರವರೆಗೂ ವೇದಿಕೆಯಲ್ಲಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕಬ್ಬಿಣದ ಬೀರು. ಒಂದೊಂದು ಜೋಕನ್ನು ಒಂದೊಂದು ಕಾರ್ಡಿನಲ್ಲಿ ಟೈಪ್ ಮಾಡಿ, ವಿಷಯದ ಪ್ರಕಾರ ಜೋಡಿಸಿ ಇಡುತ್ತಿದ್ದರು. 52 ಸಾವಿರಕ್ಕೂ ಹೆಚ್ಚು ಕಾರ್ಡು! ಈಗ ಆ ಬೀರು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ಅವರು ತಮ್ಮ ರೂಪದ ಮೇಲೆಯೇ ಜೋಕು ಮಾಡಿಕೊಳ್ಳುತ್ತಿದ್ದದ್ದು ಜಾಸ್ತಿ, ಆ ದಾರಿ ನನಗೆ ಬೇಡ. ಕಾರ್ಡಿನ ಶಿಸ್ತನ್ನು ಮಾತ್ರ ಕೈ ಮುಗಿದು ತೆಗೆದುಕೊಂಡೆ.

ಅಮೆರಿಕದ ಇನ್ನೊಬ್ಬ ಕಾಮಿಡಿಯನ್ ರಾಡ್ನಿ ಡೇಂಜರ್‌ಫೀಲ್ಡ್ ಕಥೆಯೂ ಹೀಗೇ. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿ, ನಡೆಯದೆ ಬಿಟ್ಟು, ಮನೆ ಗೋಡೆಗೆ ಹೊದಿಸುವ ಅಲ್ಯೂಮಿನಿಯಂ ಹಲಗೆ ಮಾರುತ್ತಿದ್ದರು. ನಲವತ್ತರ ನಂತರ ವಾಪಸ್ ಬಂದರು. ಟಿವಿಯಲ್ಲಿ ದೊಡ್ಡ ಅವಕಾಶ ಸಿಕ್ಕಿದ್ದು 1967ರಲ್ಲಿ, 45ನೇ ವಯಸ್ಸಿಗೆ.

ನನ್ನ ಕಾರ್ಡುಗಳು ಹಳೇ ಬಿಸ್ಕತ್ ಡಬ್ಬದಲ್ಲಿವೆ. ಇವತ್ತಿನ ಲೆಕ್ಕ 412. ಹಸಿರು ಚುಕ್ಕೆ ಇಟ್ಟವು, ಅಂದರೆ ಐದು ಬೇರೆ ಬೇರೆ ಮೈಕಿನಲ್ಲಿ ನಗು ಬಂದವು, 38. ನಿನ್ನೆಯ ಇಪ್ಪತ್ತು ನಿಮಿಷ ಬಹುಪಾಲು ಆ 38ರಿಂದಲೇ ಆಗಿದ್ದು.

ಒಂದು ಕಾರ್ಡಿಗೆ ಹಸಿರು ಚುಕ್ಕೆ ಇದ್ದರೂ ಹೇಳುವುದಿಲ್ಲ. ಸೊಸೆಯ ಅಡುಗೆಯ ಬಗ್ಗೆ ಇದ್ದದ್ದು. ಅತ್ತೆ ಸೊಸೆ ಅಂದರೆ ಸಾಕು, ಜನ ನಗಲು ತಯಾರಾಗಿಯೇ ಇರುತ್ತಾರೆ. ಒಂದು ದಿನ ಅವಳೂ ಬಂದು ಕೂತಿದ್ದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮನೆಗೆ ಬಂದ ಮೇಲೆ ಕೇಳಿದೆ. "ಪರವಾಗಿಲ್ಲ ಅತ್ತೆ" ಅಂದಳು. ಆ ದನಿ ನನಗೆ ಗೊತ್ತು. ಲೈನಿನ ಆ ಕಡೆ ಅದೇ ದನಿಯನ್ನು ಸಾವಿರ ಸಲ ಕೇಳಿದ್ದೇನೆ. ಅವತ್ತೇ ತೆಗೆದೆ. ಈಗ ಮನೆಯವರ ಬಗ್ಗೆ ಏನೇ ಬರೆದರೂ ಮೊದಲು ಅವರಿಗೇ ಓದಿ ತೋರಿಸುತ್ತೇನೆ.

ನವೆಂಬರ್

ರಾಜ್ಯೋತ್ಸವ ನಮ್ಮಲ್ಲಿ ತಿಂಗಳು ಪೂರ್ತಿ ನಡೆಯುತ್ತದೆ ಅಲ್ವಾ. 2024ರ ನವೆಂಬರ್ 24ಕ್ಕೆ ಒಂದು ಅಪಾರ್ಟ್‌ಮೆಂಟಿನವರು ಕರೆದಿದ್ದರು. ಮುನ್ನೂರು ಜನ. ಹದಿನೈದು ನಿಮಿಷ ಅಂದಿದ್ದರು. ನನ್ನ ಸರದಿ ಬರುವಾಗ ರಾತ್ರಿ ಒಂಬತ್ತೂಕಾಲು, ಊಟದ ಬಫೆ ತೆರೆದಾಗಿತ್ತು. ಪ್ಲೇಟಿನ ಸದ್ದು, ಮಕ್ಕಳ ಓಟ, ಮೈಕ್ ಕಿರುಚಾಟ. ಅರ್ಧ ಜನ ಬೆನ್ನು ತಿರುಗಿಸಿ ಸಾಲಿನಲ್ಲಿ ನಿಂತಿದ್ದರು.

ಬರೆದುಕೊಂಡದ್ದು ಯಾವುದೂ ನಡೆಯುವುದಿಲ್ಲ ಅಂತ ಗೊತ್ತಾಯಿತು. ವೇದಿಕೆಯಿಂದ ಇಳಿದು, ಮೈಕ್ ಹಿಡಿದು ಬಫೆ ಸಾಲಿನ ಹತ್ತಿರ ಹೋದೆ. ಆಪರೇಟರ್ ದನಿಯಲ್ಲಿ, "ಬೆಂಗಳೂರಿಂದ ಮಾತಾಡ್ತಿದ್ದೀವಿ, ಊಟ ಆಯ್ತಾ?" ಅಂದೆ. ಸಾಲಿನಲ್ಲಿದ್ದ ಒಬ್ಬ ಹಿರಿಯರು ತಟ್ಟೆ ಎತ್ತಿ, "ಇನ್ನೂ ಲೈನ್ ಸಿಕ್ಕಿಲ್ಲಮ್ಮ!" ಅಂದರು. ಇಡೀ ಅಂಗಳ ನಕ್ಕಿತು. ಅಲ್ಲಿಂದ ಹತ್ತು ನಿಮಿಷ ಲೈಟ್ನಿಂಗ್ ಕಾಲ್, ಪಿ.ಪಿ. ನಂಬರ್. ಅಲ್ಲಿ ಪಿ.ಪಿ. ಅಂದರೇನು ಅಂತ ಹೇಳಬೇಕಾಗಲಿಲ್ಲ. ಅಜ್ಜಿಯರೇ ಪಕ್ಕದಲ್ಲಿದ್ದ ಮೊಮ್ಮಕ್ಕಳಿಗೆ ಹೇಳುತ್ತಿದ್ದರು. ಹದಿನೆಂಟು ತಿಂಗಳಲ್ಲಿ ನನಗೆ ಬಹಳ ಇಷ್ಟವಾದ ಸಂಜೆ ಅದು. ಅಲ್ಲಿದ್ದ ಯಾರೋ ಒಬ್ಬರು ವಿಡಿಯೋ ಕಳಿಸಿದ್ದರಿಂದಲೇ ನಿನ್ನೆಯ ಶೋದವರು ನನ್ನನ್ನು ಕರೆದದ್ದು.

ಮುಂದೆ

ಒಟ್ಟು ಮೈಕು: 74. ದುಡ್ಡು ಕೊಟ್ಟ ಶೋ: 6. ಗಟ್ಟಿಯಾದ ಮಾತು: 20 ನಿಮಿಷ. ದೀಪಾವಳಿಯೊಳಗೆ 35 ನಿಮಿಷ ಮಾಡಬೇಕು. ಶಕ್ತಿ ಟಿಕೆಟ್ ಮತ್ತು ಕಂಡಕ್ಟರ್ ಬಗ್ಗೆ ಹನ್ನೊಂದು ಕಾರ್ಡು ಬರೆದಿದ್ದೇನೆ, ಒಂದಕ್ಕೂ ಇನ್ನೂ ಚುಕ್ಕೆ ಬಿದ್ದಿಲ್ಲ. ಚಿಕ್ಕಮ್ಮನ ಕಥೆಯನ್ನೂ ಬಿಟ್ಟಿಲ್ಲ. 40 ಸೆಕೆಂಡಿಗೆ ಇಳಿಸಿ ನೋಡುತ್ತಿದ್ದೇನೆ.

ರಾತ್ರಿ ವಾಪಸ್ ಬರುವುದು ಒಂದು ಯೋಚನೆ ಇತ್ತು. ಹತ್ತೂವರೆಗೆ ಮುಗಿದರೆ ಮೆಟ್ರೋ ಸಿಗುತ್ತದೆ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಬನಶಂಕರಿಗೆ. ಮೊದಮೊದಲು "ಇದೆಲ್ಲ ಯಾಕೆ ಈಗ" ಅನ್ನುತ್ತಿದ್ದ ನಮ್ಮನೆಯವರು ಈಗ ಪ್ರತಿ ಸಲ ಜೊತೆಗೆ ಬರುತ್ತಾರೆ. ಕೊನೇ ಸಾಲಿನಲ್ಲಿ ಕೂತು ಸ್ಟಾಪ್‌ವಾಚ್ ಹಿಡಿಯುವ ಕೆಲಸ ಅವರದೇ.

ಬುಧವಾರ ಇಂದಿರಾನಗರದಲ್ಲಿ ಮೈಕಿದೆ, ಏಳನೇ ಸ್ಪಾಟ್. ಚಿಕ್ಕಮ್ಮನ ಕಾರ್ಡನ್ನು ಡಬ್ಬದಿಂದ ತೆಗೆದು ಪರ್ಸಿಗೆ ಹಾಕಿಕೊಂಡಿದ್ದೇನೆ.