‘ಹೌದು’ ಎಂದು ಟಿಕ್ ಹಾಕಿದವರಿಗೆ ಕೆಲಸವಿಲ್ಲವೇ?

ನನಗೆ ಟೈಪ್ 1 ಡಯಾಬಿಟಿಸ್ ಇದೆ, ಹೈಸ್ಕೂಲಿನಲ್ಲಿದ್ದಾಗ ಪತ್ತೆಯಾದದ್ದು. ಊರಿನವರಿಗೆ ಇದು ಬರೇ ‘ಶುಗರ್’. ಅಜ್ಜಂದಿರಿಗೆ ಬರುವ ಶುಗರ್ ಬೇರೆ, ನನ್ನದು ಬೇರೆ ಎಂದು ಹೇಳಿ ಹೇಳಿ ಸಾಕಾಗಿದೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನನ್ನ ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶ ಮಾಡಿಬಿಟ್ಟಿದೆ. ಹಾಗಲಕಾಯಿ ರಸ ಕುಡಿದರೂ ಅನ್ನ ಬಿಟ್ಟರೂ ಅವು ಮರಳಿ ಬರುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಕೊಡಬೇಕು, ದಿನಾ, ಬದುಕಿರುವಷ್ಟು ಕಾಲ. ಕೊಟ್ಟರೆ ಎಲ್ಲರ ಹಾಗೆ ಓದಬಹುದು, ದುಡಿಯಬಹುದು. ನಾನು ಎಂ.ಕಾಂ. ಮುಗಿಸಿದ್ದು ಹಾಗೆಯೇ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮಗೆ ಕೆಲಸವೆಂದರೆ ಮೊದಲು ನೆನಪಾಗುವುದು ಮಂಗಳೂರು. ಕನ್ನಡ ಮೀಡಿಯಂನಲ್ಲಿ ಓದಿದವರು ಕಣ್ಣೂರು, ಕಲ್ಲಿಕೋಟೆ ಕಡೆ ಹೋದರೆ ಮಲಯಾಳ ಬರೆಯಲು ಬಾರದ್ದೇ ದೊಡ್ಡ ತೊಡಕು. ಮಂಗಳೂರಾದರೆ ಕುಂಬಳೆಗೆ ಬಂದು ರೈಲೋ ಬಸ್ಸೋ ಹತ್ತಿದರಾಯಿತು. ಅಲ್ಲಿಯ ಒಂದು ಕಂಪೆನಿಯ ಅಕೌಂಟ್ಸ್ ವಿಭಾಗಕ್ಕೆ ಅರ್ಜಿ ಹಾಕಿದ್ದೆ. ಲಿಖಿತ ಪರೀಕ್ಷೆ ಆಯಿತು, ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ ಮಾಡಿಸಿ ನೋಡಿದರು, ಇಂಟರ್‌ವ್ಯೂ ಆಯಿತು, ಆಫರ್ ಲೆಟರೂ ಬಂತು. ಅಮ್ಮ ನೆರೆಮನೆಗೆಲ್ಲ ಹೇಳಿ ಬಂದರು. ಅದರ ಬೆನ್ನಿಗೇ ಮೆಡಿಕಲ್ ಫಾರಂ. ‘ದೀರ್ಘಕಾಲದ ಕಾಯಿಲೆ ಇದೆಯೇ?’ ಎಂದು ಒಂದು ಕಾಲಂ.

“ಇಲ್ಲ ಅಂತ ಹಾಕು ಮಾರಾಯ್ತಿ, ಯಾರು ಚೆಕ್ ಮಾಡ್ತಾರೆ?” ಎಂದಳು ಗೆಳತಿ. ನಾನು ‘ಹೌದು’ ಎಂದೇ ಟಿಕ್ ಹಾಕಿದೆ. ಆಫೀಸಿನಲ್ಲಿ ಒಂದು ದಿನ ಶುಗರ್ ಇಳಿದು ಮಾತು ತೊದಲಿತು ಎಂದಿಟ್ಟುಕೊಳ್ಳಿ, ಕೂಡಲೇ ಸಕ್ಕರೆ ನೀರು ಕೊಡಬೇಕೆಂದು ಪಕ್ಕದಲ್ಲಿ ಕೂತವರಿಗೆ ಗೊತ್ತಿರಬೇಡವೇ? ಮುಚ್ಚಿಟ್ಟರೆ ಅಪಾಯ ನನಗೇ. ಈಗಲೂ ನನ್ನ ನಿಲುವು ಅದೇ.

ಎಚ್‌ಆರ್‌ನವರು ಕರೆಸಿದರು. ಫಾರಂ ನೋಡುತ್ತಾ ಕೇಳಿದ ಮೊದಲ ಪ್ರಶ್ನೆ: “ಕಾಸರಗೋಡಿನವರಲ್ವಾ, ಇದು ಎಂಡೋಸಲ್ಫಾನಿನಿಂದ ಬಂದದ್ದಾ?”

ನಮ್ಮ ಕಡೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ನಿಜ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಎಷ್ಟೋ ಮನೆಗಳಲ್ಲಿ ತಾಯಂದಿರು ದೊಡ್ಡವರಾದ ಮಕ್ಕಳನ್ನು ಇಂದಿಗೂ ಎತ್ತಿಕೊಂಡೇ ಸಾಕುತ್ತಿರುವುದೂ ನಿಜ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೂ ಅವರು ಹಣಕ್ಕಾಗಿ ಮುಷ್ಕರ ಕೂರಬೇಕಾಯಿತು. ಅಷ್ಟು ನೋವುಂಡ ಜನರ ಊರಿನ ಹೆಸರನ್ನು ಒಬ್ಬಳಿಗೆ ಕೆಲಸ ಕೊಡಬೇಕೋ ಬೇಡವೋ ಎಂಬ ಲೆಕ್ಕಕ್ಕೆ ಬಳಸಿದ್ದು ಕೇಳಿ ನನಗೆ ಸಿಟ್ಟು ಬಂತು. ಅಲ್ಲ ಸರ್, ಇದು ಯಾವ ಊರಿನಲ್ಲೂ ಬರುತ್ತದೆ ಎಂದೆ.

ಆಮೇಲೆ ರಜೆಯ ವಿಚಾರ, ಇಂಜೆಕ್ಷನ್ನಿನ ವಿಚಾರ. ಬ್ಯಾಗಿನಿಂದ ಪೌಚ್ ತೆಗೆದು ಮೇಜಿನ ಮೇಲಿಟ್ಟೆ. ಬೆರಳ ತುದಿ ಚುಚ್ಚಿ, ಸಾಸಿವೆಯಷ್ಟು ರಕ್ತವನ್ನು ಸ್ಟ್ರಿಪ್ಪಿಗೆ ಮುಟ್ಟಿಸಿದೆ. ಕೆಲವೇ ಸೆಕೆಂಡಿನಲ್ಲಿ ಮೀಟರ್ 118 ತೋರಿಸಿತು, ಅಂದರೆ ಶುಗರ್ ಹತೋಟಿಯಲ್ಲಿದೆ. ಇನ್ಸುಲಿನ್ ಪೆನ್ನಿನ ಮುಚ್ಚಳ ತೆಗೆದು 4 ಮಿಲಿಮೀಟರಿನ ಸೂಜಿ ತೋರಿಸಿದೆ. ಊಟಕ್ಕೆ ಮೊದಲು ಹೊಟ್ಟೆಗೆ ಚುಚ್ಚಿ ಗುಂಡಿ ಒತ್ತಿದರೆ ಮುಗಿಯಿತು, ಚಾ ಕುಡಿಯುವಷ್ಟು ಹೊತ್ತೂ ಬೇಡ ಎಂದು ವಿವರಿಸಿದೆ. ಅವರು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, “ಉಳಿದ ಸ್ಟಾಫಿಗೆ ಮುಜುಗರ ಆಗ್ಬಹುದಲ್ವಾ ಮೇಡಂ?” ಎಂದರು.

‘ವೈದ್ಯಕೀಯ ಕಾರಣಗಳಿಂದ’ ಆಫರ್ ಹಿಂದೆಗೆದುಕೊಂಡಿದ್ದೇವೆ ಎಂದು ಮೈಲ್ ಬಂತು. ಯಾವ ವೈದ್ಯರು? ನನ್ನನ್ನು ಯಾರೂ ಪರೀಕ್ಷಿಸಿಲ್ಲ. ನನ್ನ ಡಾಕ್ಟರ ಫೋನ್ ನಂಬರನ್ನೂ ಯಾರೂ ಕೇಳಿಲ್ಲ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ವರದಿಯನ್ನು ಫೈಲಿನಲ್ಲಿಟ್ಟುಕೊಂಡೇ ಹೋಗಿದ್ದೆ, ತೆರೆದೂ ನೋಡಲಿಲ್ಲ.

ಕಾನೂನಿನ ಬಾಗಿಲು ಬಡಿಯೋಣವೆಂದು ಓದತೊಡಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ಥಲಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ಸ್ ಎಲ್ಲ ಇವೆ, ಡಯಾಬಿಟಿಸ್ ಇಲ್ಲ. ಕಂಪೆನಿಯವರ ಕಣ್ಣಿಗೆ ನಾನು ರೋಗಿ, ಕಾಯ್ದೆಯ ಪಟ್ಟಿಗೆ ಸೇರುವಷ್ಟು ರೋಗಿಯಲ್ಲ. ನಮ್ಮಂಥ ಎಷ್ಟೋ ಜನ ಈ ನಡುವಿನ ಜಾಗದಲ್ಲಿ ಸಿಕ್ಕಿಬಿದ್ದಿದ್ದಾರೆ.

ಹಾಗಂತ ನಮ್ಮ ದೇಶಕ್ಕೆ ಇಂಥ ಕಾನೂನು ಮಾಡಲು ಬಾರದೆಂದಿಲ್ಲ. 2017ರ ಎಚ್‌ಐವಿ ಕಾಯ್ದೆ ನೋಡಿ. ಸೋಂಕಿದೆ ಎಂಬ ಕಾರಣಕ್ಕೆ ಖಾಸಗಿಯವರೂ ಕೆಲಸ ನಿರಾಕರಿಸುವಂತಿಲ್ಲ, ಕೆಲಸಕ್ಕೆ ಸೇರಲು ಟೆಸ್ಟ್ ಮಾಡಿಸಿ ಬನ್ನಿ ಎನ್ನುವಂತಿಲ್ಲ. ಕೆಲಸದಿಂದ ತೆಗೆಯಬೇಕೆಂದರೆ ಅರ್ಹ, ಸ್ವತಂತ್ರ ವೈದ್ಯರ ಲಿಖಿತ ವರದಿಯನ್ನು ಆ ವ್ಯಕ್ತಿಯ ಕೈಗೇ ಕೊಡಬೇಕು. ಡಯಾಬಿಟಿಸ್, ಅಪಸ್ಮಾರ, ಕಿಡ್ನಿ ಕಾಯಿಲೆ ಇರುವವರಿಗೂ ಇಷ್ಟನ್ನೇ ಕೊಡಿ ಎಂಬುದು ನನ್ನ ಬೇಡಿಕೆ. ಕೆಲಸ ಮಾಡಲಾಗದು ಎನ್ನುವವರು ಯಾಕೆ ಆಗದೆಂದು ಡಾಕ್ಟರ ಸಹಿಯೊಂದಿಗೆ ಬರೆದುಕೊಡಲಿ.

ಪಾಕಿಸ್ತಾನದ ವೇಗದ ಬೌಲರ್ ವಾಸಿಂ ಅಕ್ರಂಗೆ 1997ರಲ್ಲಿ ಡಯಾಬಿಟಿಸ್ ಪತ್ತೆಯಾಯಿತು. 2003ರ ವಿಶ್ವಕಪ್ಪಿನಲ್ಲಿ ಅವರು ಏಕದಿನ ಕ್ರಿಕೆಟಿನ 500ನೇ ವಿಕೆಟ್ ತೆಗೆದರು, ಇನ್ಸುಲಿನ್ ತೆಗೆದುಕೊಳ್ಳುತ್ತಲೇ. ನಾನು ಕೇಳಿದ್ದು ಕೂತು ಲೆಕ್ಕ ಬರೆಯುವ ಕೆಲಸ.

ಈಗ ಕಾಸರಗೋಡಿನಲ್ಲೇ ಒಬ್ಬ ಆಡಿಟರ ಆಫೀಸಿನಲ್ಲಿದ್ದೇನೆ. ಜಿಎಸ್‌ಟಿ ರಿಟರ್ನ್ ಹಾಕಲು ಬರುತ್ತದಾ ಎಂದಷ್ಟೇ ಅವರು ಕೇಳಿದ್ದು. ಕಾಯಿಲೆಯ ವಿಷಯ ನಾನೇ ಹೇಳಿದಾಗ, ಗ್ಲುಕೋಸ್ ಎಲ್ಲಿಡುತ್ತಿ ಎಂದು ಕೇಳಿ ತಿಳಿದುಕೊಂಡರು. ಸಂಬಳ ಮಂಗಳೂರಿನದರ ಅರ್ಧವೂ ಇಲ್ಲ. ಸ್ಟ್ರಿಪ್, ಸೂಜಿ, ಇನ್ಸುಲಿನ್ ಖರ್ಚು ಕಳೆದರೆ ಉಳಿಯುವುದು ಸ್ವಲ್ಪವೇ.

ಆ ಕಂಪೆನಿಗೆ ಮತ್ತೆ ಪತ್ರ ಬರೆದಿದ್ದೇನೆ, ಯಾವ ವೈದ್ಯರ ಯಾವ ಅಭಿಪ್ರಾಯದ ಮೇಲೆ ಆಫರ್ ಹಿಂದೆಗೆದುಕೊಂಡಿರಿ, ಪ್ರತಿ ಕಳಿಸಿ ಎಂದು. ಉತ್ತರ ಬಂದಿಲ್ಲ. ನಿಮಗೂ ಹೀಗಾಗಿದ್ದರೆ ಫೋನಿನಲ್ಲಿ ಮಾತಾಡಿ ಮುಗಿಸಬೇಡಿ. ಕಾರಣವನ್ನು ಬರಹದಲ್ಲೇ ಕೇಳಿ, ಬಂದ ಮೈಲುಗಳನ್ನು ಅಳಿಸದೆ ತೆಗೆದಿಡಿ.