ರಾತ್ರಿ ಎದ್ದೇಳೋದು ಯಾರು?

ಗಾಡಿ ನೋಡಲು ಬಂದ ಗಂಡ ಹೆಂಡತಿಗೆ ನಾನು ಮೊದಲು ಕೇಳುವ ಪ್ರಶ್ನೆ ಇದು. ಬಜೆಟ್ ಎಷ್ಟು, ಎಷ್ಟು ದಿನ, ಯಾವ ಕಡೆ ಹೋಗ್ತೀರಿ, ಇವೆಲ್ಲ ಆಮೇಲೆ. ಕೆಲವರು ನಗುತ್ತಾರೆ. ಕೆಲವರಿಗೆ ಮುಜುಗರ. ಸಾಮಾನ್ಯವಾಗಿ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿದ ಹಾಗೆ.

ನನ್ನ ಊರು ತೀರ್ಥಹಳ್ಳಿ ಕಡೆ. ಈಗ ಇರುವುದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ. ಏರ್‌ಪೋರ್ಟ್ ಹತ್ತಿರ ಮೋಟರ್‌ಹೋಮ್, ಅಂದರೆ ಒಳಗೇ ಹಾಸಿಗೆ, ಒಲೆ, ಟಾಯ್ಲೆಟ್ಟು ಇರುವ ಗಾಡಿ, ಬಾಡಿಗೆಗೆ ಕೊಡುವ ಒಂದು ಯಾರ್ಡಿನಲ್ಲಿ ಕೆಲಸ. ಗಾಡಿ ತೋರಿಸುವುದು, ಗ್ಯಾಸು, ನೀರು, ಟಾಯ್ಲೆಟ್ಟು ಹೇಗೆ ಅಂತ ಹೇಳಿಕೊಟ್ಟು ಕೀ ಕೊಡುವುದು, ವಾಪಸ್ ಬಂದಾಗ ಸುತ್ತ ತಿರುಗಿ ಗೀರು ಹುಡುಕುವುದು. ಬಾಡಿಗೆಯಲ್ಲಿ ಓಡಿ ಹಳತಾದ ಗಾಡಿಗಳನ್ನು ಮಾರುತ್ತೇವೆ ಕೂಡ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ದಾವಣಗೆರೆಯಿಂದ ಒಂದು ದಂಪತಿ ಬಂದಿದ್ದರು. ಇಬ್ಬರಿಗೂ ಅರವತ್ತು ದಾಟಿತ್ತು. ಮಗ ಆಕ್ಲೆಂಡಿನಲ್ಲಿ, ಅವನಿಗೆ ರಜೆ ಸಿಕ್ಕಿರಲಿಲ್ಲ. 'ನಾವೇ ಹೋಗ್ತೀವಿ, ನಾನೇನು ಗಾಡಿ ಓಡಿಸದವನಾ' ಅಂತ ಯಜಮಾನರು ಹೊರಟುಬಿಟ್ಟಿದ್ದರು. ಇಬ್ಬರಿಗೆ ಸಾಕಾಗುವ ಗಾತ್ರದ ಎರಡು ಗಾಡಿ ಖಾಲಿ ಇದ್ದವು. ಒಂದರಲ್ಲಿ ಹಿಂಬದಿ ಅಡ್ಡ ಹಾಕಿದ ಕಾಯಂ ಹಾಸಿಗೆ. ಇನ್ನೊಂದರಲ್ಲಿ ಹಿಂಬದಿ ಲೌಂಜ್. ಅಂದರೆ ಮೂರು ಕಡೆ ಸೋಫಾ, ನಡುವೆ ಮೇಜು, ಸುತ್ತ ಕಿಟಕಿ. ರಾತ್ರಿ ಮೇಜು ಇಳಿಸಿ, ಹಲಗೆ ಜೋಡಿಸಿ, ದಿಂಬುಗಳನ್ನು ಹೊಂದಿಸಿದರೆ ಅದೇ ಹಾಸಿಗೆ.

ಬೆಳಿಗ್ಗೆ ಹನ್ನೊಂದು ಗಂಟೆ. ಒಳ್ಳೇ ಬಿಸಿಲು. ಬಾಗಿಲು ಎಲ್ಲ ತೆಗೆದಿದ್ದೆ. 'ಸರ್, ಇದು ನಮ್ಮ ಕಡೆ ಜಗಲಿ ಇದ್ದ ಹಾಗೆ. ಟೆಕಾಪೋ ಸರೋವರದ ಎದುರು ನಿಲ್ಲಿಸಿ ಕೂತು ಕಾಫಿ ಕುಡೀಬಹುದು' ಅಂದೆ. ಕಾಯಂ ಹಾಸಿಗೆಯ ಗಾಡಿ ಅದರ ಪಕ್ಕದಲ್ಲಿ ಕತ್ತಲೆ ಕೋಣೆ ಥರ ಕಾಣುತ್ತಿತ್ತು. ಅವರು ಜಗಲಿ ತೊಗೊಂಡರು. ಹಾಸಿಗೆ ಹಾಸುವುದನ್ನು ನಾನು ಒಂದು ಸಲ ತೋರಿಸಿದೆ. ಕೈ ಪಳಗಿದವನಿಗೆ ನಾಲ್ಕು ನಿಮಿಷ.

ನಾಲ್ಕನೇ ದಿನ ವಾನಕದಿಂದ ಫೋನ್ ಬಂತು.

'ಏನಪ್ಪಾ, ಜಗಲಿ ಕೊಟ್ಟೆ, ಸರಿ. ಮಲಗೋ ಕೋಣೆ ಎಲ್ಲಿ?'

ಹಾಸಿಗೆ ಹಾಸಿದರೆ ಗಾಡಿಯ ಹಿಂಬದಿ ಪೂರ್ತಿ ಮುಚ್ಚಿಹೋಗುತ್ತಿತ್ತು. ಇಬ್ಬರೂ ಅಡ್ಡಕ್ಕೆ ಮಲಗುತ್ತಿದ್ದರು. ಅಮ್ಮನವರು ಒಳಗಡೆ, ಯಜಮಾನರು ಹೊರಗಡೆ. ಅಮ್ಮನವರಿಗೆ ಬಿಪಿ ಮಾತ್ರೆಯಿಂದ ರಾತ್ರಿ ಎರಡು ಸಲ ಏಳಬೇಕು. ಮಂಡಿ ನೋವು ಬೇರೆ. ದಿಂಬಿನ ಸಂದಿಗೆ ಮಂಡಿ ಸಿಕ್ಕಿಸಿಕೊಂಡು, ಗಂಡನನ್ನು ದಾಟಿ, ಕತ್ತಲೆಯಲ್ಲಿ ಇಳಿಯಬೇಕು. ಬೆಳಿಗ್ಗೆ ಕಾಫಿಗೆ ಕೂರಬೇಕಾದರೆ ಮೊದಲು ಹಾಸಿಗೆ ಬಿಚ್ಚಬೇಕು. 'ದಿನಾ ಮಂಟಪ ಕಟ್ಟೋದು, ಬಿಚ್ಚೋದು. ಮದುವೆ ಮನೆ ಆಗಿಹೋಗಿದೆ' ಅಂದರು. ಬೈಗುಳವಾಗಿರಲಿಲ್ಲ, ಸುಸ್ತಾಗಿದ್ದರು. ಜನವರಿ ತಿಂಗಳು, ಇಲ್ಲಿ ಬೇಸಿಗೆಯ ಸೀಸನ್, ಬದಲಿ ಕೊಡಲು ಒಂದು ಗಾಡಿಯೂ ಇರಲಿಲ್ಲ.

ಫೋನ್ ಇಟ್ಟು ತಲೆ ಕೆರೆದುಕೊಳ್ಳುತ್ತಿದ್ದಾಗ ನಮ್ಮ ಯಾರ್ಡಿನ ಕ್ಲೀನರ್ ಕೇಳಿದರು, ಏನಾಯ್ತು ಅಂತ. ನನಗಿಂತ ಎಷ್ಟೋ ವರ್ಷ ಮೊದಲು ಸೇರಿದ ಹೆಂಗಸು. ಹೇಳಿದೆ. 'ಹಲಗೆ ಯಾಕೆ ಹಾಕ್ತಾರೆ? ಎರಡು ಬದಿಯ ಸೋಫಾದಲ್ಲಿ ಒಬ್ಬೊಬ್ಬರು ಮಲಗಲಿ. ನಡುವೆ ಓಡಾಡೋಕೆ ದಾರಿ ಇರುತ್ತೆ. ಮೇಜು ಮಾತ್ರ ತೆಗೆದಿಡಲಿ' ಅಂದರು, ಬಕೆಟ್ ಕೆಳಗೆ ಇಡದೆ. ಬದಿಯ ಸೋಫಾ ಒಂದೊಂದೂ ಹತ್ತಿರ ಹತ್ತಿರ ಆರಡಿ ಉದ್ದ. ಎರಡು ವರ್ಷದಲ್ಲಿ ನೂರಾರು ಸಲ ಆ ಗಾಡಿ ತೋರಿಸಿದ್ದೇನೆ. ನನಗೆ ಒಂದು ಸಲವೂ ಹೊಳೆದಿರಲಿಲ್ಲ.

ವಾಪಸ್ ಫೋನ್ ಮಾಡಿ ಹೇಳಿದೆ. ಮತ್ತೆ ಅವರಿಂದ ಸುದ್ದಿಯಿಲ್ಲ. ಮೂರು ವಾರ ಮುಗಿಸಿ ಬಂದಾಗ ಯಜಮಾನರು ಕೀ ಕೊಡುತ್ತಾ, 'ನಿನ್ನ ಉಪಾಯ ಚೆನ್ನಾಗಿತ್ತು. ಈಗ ಇವಳು ಮನೇಲೂ ಬೇರೆ ಮಂಚ ಬೇಕು ಅಂತಾಳೆ' ಅಂದರು. ಅಮ್ಮನವರು ಬೇರೆ ಕಡೆ ನೋಡುತ್ತಾ ನಕ್ಕರು.

ಆಮೇಲೆ ನಾನು ಆ ಕ್ಲೀನರ್ ಹಿಂದೆ ಬಿದ್ದೆ. ಜನ ಗಾಡಿಯನ್ನು ಹೇಗೆ ಬಳಸಿದರು ಅನ್ನೋದು ಅವರಿಗೆ ಗೊತ್ತಾಗುವಷ್ಟು ನಮಗ್ಯಾರಿಗೂ ಗೊತ್ತಾಗುವುದಿಲ್ಲ. ಗಾಡಿ ವಾಪಸ್ ಕೊಡುವಾಗ ತುಂಬುವ ಫಾರ್ಮಿನಲ್ಲಿ ಎಲ್ಲರೂ ಎಲ್ಲಾ ಚೆನ್ನಾಗಿತ್ತು ಅಂತ ಬರೆದಿರುತ್ತಾರೆ. ಆದರೆ ಮೇಜಿನ ಕಾಲು ಕಟ್ಟಿದ ಪಟ್ಟಿ ಬಿಚ್ಚದೆ ಹಾಗೇ ಇದ್ದರೆ, ಹಾಸಿಗೆ ಒಮ್ಮೆ ಹಾಸಿದವರು ಮತ್ತೆ ಬಿಚ್ಚಲೇ ಇಲ್ಲ ಅಂತ ಅರ್ಥ. ಅಂದರೆ ಎರಡು ವಾರ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಊಟ ಮಾಡಿದ್ದಾರೆ. ಡ್ರೈವರ್ ತಲೆ ಮೇಲಿನ ಹಾಸಿಗೆಯಲ್ಲಿ ಸೂಟ್‌ಕೇಸಿನ ಗುರುತು ಇದ್ದರೆ, ಅಲ್ಲಿಗೆ ಯಾರೂ ಏಣಿ ಹತ್ತಿಲ್ಲ.

ಇಬ್ಬರಿಗೆ ಅಂತ ಮಾಡಿದ ಗಾಡಿಗಳಲ್ಲಿ ಒಳಜೋಡಣೆ ನಾಲ್ಕೈದು ಥರ ಇರುತ್ತದೆ. ಲೌಂಜ್ ಕಥೆ ಹೇಳಿದೆ. ಹಿಂಬದಿ ಅಡ್ಡ ಹಾಸಿಗೆಯ ಲಾಭ ಅಂದರೆ ಗಾಡಿ ಉದ್ದ ಕಡಿಮೆ ಸಾಕು, ಕೆಳಗೆ ಸಾಮಾನಿಗೆ ದೊಡ್ಡ ಜಾಗ. ಆರು ಮೀಟರ್ ಒಳಗೆ ಎಲ್ಲಾ ಮುಗಿಯುತ್ತದೆ. ವೆಲ್ಲಿಂಗ್ಟನ್‌ನಿಂದ ಪಿಕ್ಟನ್‌ಗೆ ಹೋಗುವ ಫೆರ್ರಿಯಲ್ಲಿ ಗಾಡಿಯ ಉದ್ದ ನೋಡಿ ದುಡ್ಡು ತೊಗೊಳ್ಳುತ್ತಾರೆ, ಹಾಗಾಗಿ ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಅಡ್ಡ ಮಲಗಬೇಕಾದರೆ ಗಾಡಿಯ ಅಗಲವೇ ನಿಮ್ಮ ಹಾಸಿಗೆಯ ಉದ್ದ. ಇಂಥ ಗಾಡಿ ಮಾಡಲು ಬಳಸುವ ಫಿಯಟ್ ಡುಕಾಟೋ ವ್ಯಾನ್ ಹೊರಗಿನಿಂದ 2.05 ಮೀಟರ್ ಅಗಲ. ಒಳಗೆ ತಗಡಿನಿಂದ ತಗಡಿಗೆ ಸುಮಾರು 1.87. ಅದರ ಮೇಲೆ ಚಳಿ ತಡೆಯುವ ಪದರ, ಪ್ಲೈವುಡ್ಡು. ಮರ್ಸಿಡಿಸ್ ಸ್ಪ್ರಿಂಟರ್ ಇನ್ನೂ ಸ್ವಲ್ಪ ಇಕ್ಕಟ್ಟು. ನೆದರ್‌ಲೆಂಡ್ಸ್‌ನಿಂದ ಬರುವ ಆರೂಕಾಲು ಅಡಿ ಆಳುಗಳು ಇದರಲ್ಲಿ ಬಿಲ್ಲಿನ ಹಾಗೆ ಬಾಗಿ ಮಲಗಬೇಕು. ನಮ್ಮ ಐದೂವರೆ ಅಡಿಯವರಿಗೆ ಏನೂ ತೊಂದರೆ ಇಲ್ಲ. ಎತ್ತರ ಕಡಿಮೆ ಇದ್ದಿದ್ದಕ್ಕೆ ಲಾಭ ಆಗುವ ಜಾಗ ಜೀವನದಲ್ಲಿ ಇದೊಂದೇ ಇರಬೇಕು.

ಅಡ್ಡ ಹಾಸಿಗೆಯ ನಿಜವಾದ ತೊಡಕು ಬೇರೆ. ಹಿಂಬದಿ ಬಾಗಿಲ ಕಡೆ ಮಲಗಿದವರು ಇನ್ನೊಬ್ಬರನ್ನು ದಾಟಿಯೇ ಬರಬೇಕು. ಕೆಳಗೆ ಸಾಮಾನಿನ ಜಾಗ ಇರುವುದರಿಂದ ಹಾಸಿಗೆ ಸೊಂಟದ ಎತ್ತರಕ್ಕಿರುತ್ತದೆ. ಇಳಿಯುವಾಗ ಒಂದು ಕಾಲು ಮೆಟ್ಟಿಲು ಹುಡುಕಬೇಕು. ಮೂವತ್ತರ ವಯಸ್ಸಿನವರಿಗೆ ಇದು ಆಟ. ಅರವತ್ತೈದರವರಿಗೆ ಅಲ್ಲ.

ನನಗೆ ಇಷ್ಟ ಆದದ್ದು ಉದ್ದಕ್ಕೆ ಹಾಕಿದ ಎರಡು ಒಂಟಿ ಹಾಸಿಗೆ, ನಡುವೆ ಓಣಿ. ಕಾಲು ಕೆಳಗಿಟ್ಟರೆ ನೆಲ, ನೇರ ನಡೆದರೆ ಟಾಯ್ಲೆಟ್. ಯಾರೂ ಯಾರನ್ನೂ ಎಬ್ಬಿಸಬೇಕಾಗಿಲ್ಲ. ಎರಡರಲ್ಲಿ ಒಂದು ಹಾಸಿಗೆ ಇನ್ನೊಂದಕ್ಕಿಂತ ಗಿಡ್ಡ ಇರುವುದುಂಟು, ಬೀರು ಆ ಬದಿಗೆ ಬಂದಿರುತ್ತದೆ. ಟೇಪ್ ಹಿಡಿದು ಅಳೆಯಿರಿ. ಹೊಸದಾಗಿ ಮದುವೆಯಾದವರಿಗೆ ಇದನ್ನು ತೋರಿಸಿದರೆ ಮುಖ ಸಣ್ಣ ಮಾಡುತ್ತಾರೆ. ನಡುವಿನ ಓಣಿ ಮುಚ್ಚುವ ಹಲಗೆ ಇರುತ್ತೆ ಅಂತ ನಾನು ಆ ಕಡೆ ನೋಡಿಕೊಂಡು ಹೇಳುತ್ತೇನೆ.

ನಡುವೆ ಮಂಚ, ಎರಡೂ ಬದಿ ಇಳಿಯುವ ಜಾಗ ಇರುವ ದೊಡ್ಡ ಗಾಡಿಗಳೂ ಇವೆ. ಹೋಟೆಲ್ ರೂಮಿನ ಹಾಗೆ. ಏಳು ಮೀಟರ್ ಆಸುಪಾಸು ಉದ್ದ, ತೂಕವೂ 3,500 ಕೆಜಿ ದಾಟುವುದು ಸಾಮಾನ್ಯ. ಇಲ್ಲಿನ ಮಾಮೂಲಿ ಕಾರಿನ ಲೈಸೆನ್ಸ್ 6,000 ಕೆಜಿವರೆಗೆ ನಡೆಯುತ್ತದೆ, ಆದರೆ 3,500 ದಾಟಿದರೆ ವೇಗದ ಮಿತಿ 90 ಕಿಮೀ. ರಸ್ತೆ ನೋಡಿಕೊಂಡು ಹೋಗುವವರಿಗೆ ಅದೇನೂ ದೊಡ್ಡ ನಷ್ಟ ಅಲ್ಲ ಬಿಡಿ.

ಸೂರಿನಿಂದ ಸ್ವಿಚ್ ಒತ್ತಿ ಇಳಿಸುವ ಹಾಸಿಗೆಗೆ ಬಹಳ ಜನ ಮರುಳಾಗುತ್ತಾರೆ. ಅದಕ್ಕೆ ನನ್ನ ಎರಡನೇ ಪ್ರಶ್ನೆ: ಬೆಳಿಗ್ಗೆ ಮೊದಲು ಎದ್ದೇಳೋದು ಯಾರು? ಇಬ್ಬರೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳುವವರಾದರೆ ಸರಿ. ಒಬ್ಬರು ಐದಕ್ಕೆ ಎದ್ದು ಕಾಫಿ ಕುಡಿಯುವವರು, ಇನ್ನೊಬ್ಬರು ಎಂಟರವರೆಗೆ ಮಲಗುವವರು ಅಂದರೆ ಕೆಳಗೆ ಕೂರಲು ಜಾಗವೇ ಇಲ್ಲ. ಹೊರಗೆ ಹೋಗೋಣ ಅಂದರೆ ಸ್ಲೈಡಿಂಗ್ ಡೋರ್ ಎಳೆಯಬೇಕು. ಆ ದಡಾರ್ ಸದ್ದಿಗೆ ನಿಮ್ಮವರು ಮಾತ್ರ ಅಲ್ಲ, ಕ್ಯಾಂಪಿನ ಅರ್ಧ ಜನ ಏಳುತ್ತಾರೆ. ಹಿಂದೆ ಕಾಯಂ ಹಾಸಿಗೆ ಇದ್ದು, ಮುಂದಿನ ಸೀಟು ಒಳಗೆ ತಿರುಗುವ ಗಾಡಿಯಾದರೆ ಬೇಗ ಎದ್ದವರು ಅಲ್ಲಿ ಕೂತು ಪರದೆ ಸರಿಸಿ ಬೆಳಕು ಹರಿಯುವುದನ್ನು ನೋಡಬಹುದು. ಇಬ್ಬರಿಗೆ ಎರಡು ಕಡೆ ಕೂರುವ ಜಾಗ ಇರಲೇಬೇಕು. ಹಾಸಿಗೆಯ ಮೆತ್ತಗಿನ ಬಗ್ಗೆ ಅರ್ಧ ಗಂಟೆ ಚರ್ಚೆ ಮಾಡುವವರು ಇದನ್ನು ಕೇಳುವುದೇ ಇಲ್ಲ.

ದಕ್ಷಿಣ ದ್ವೀಪದ ಪಶ್ಚಿಮ ಕರಾವಳಿ ಬೇರೆಯೇ ಪರೀಕ್ಷೆ. ಮಿಲ್‌ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ ಸುಮಾರು 6,800 ಮಿಮೀ ಮಳೆ. ನಮ್ಮ ಆಗುಂಬೆಗೆ ಹತ್ತಿರದ ಲೆಕ್ಕ. ತೀರ್ಥಹಳ್ಳಿಯವನಿಗೆ ಮಳೆ ಅಂದರೆ ಭಯ ಇಲ್ಲ, ಆದರೆ ನಮ್ಮ ಮನೆಗೆ ಜಗಲಿ, ಹಿತ್ತಿಲು, ಬಚ್ಚಲು ಎಲ್ಲ ಇತ್ತು. ಇಲ್ಲಿ ಒದ್ದೆ ಜಾಕೆಟ್ ಬಿಚ್ಚುವ ಜಾಗವೇ ಅಡುಗೆ ಮನೆ, ಅದೇ ನಡುಮನೆ. ಬಾತ್‌ರೂಮು ಬಾಗಿಲ ಹತ್ತಿರ ಇದ್ದರೆ ಒದ್ದೆ ಬಟ್ಟೆ ನೇರ ಅದರೊಳಗೆ ನೇತುಹಾಕಬಹುದು. ತೀರಾ ಹಿಂದಿದ್ದರೆ ಹಾಸಿಗೆ ಪಕ್ಕದಲ್ಲೇ ನೀರು ಸುರಿಸಿಕೊಂಡು ಹೋಗಬೇಕು. ಮಳೆ ನಿಂತರೆ ಸ್ಯಾಂಡ್‌ಫ್ಲೈ. ಸಾಸಿವೆ ಕಾಳಿನಷ್ಟಿರುವ ಆ ಹುಳ ಕಚ್ಚಿದರೆ ಒಂದು ವಾರ ತುರಿಕೆ. ಹಾಸಿಗೆಯಲ್ಲಿ ಮಲಗಿ, ಹಿಂಬದಿ ಎರಡೂ ಬಾಗಿಲು ತೆಗೆದು, ಸಮುದ್ರ ನೋಡುವ ಫೋಟೋ ನೋಡಿ ಗಾಡಿ ಆರಿಸುವವರಿಗೆ ನಾನು ಇದನ್ನು ತಪ್ಪದೇ ಹೇಳುತ್ತೇನೆ. ಹಗಲಲ್ಲಿ ಆ ಬಾಗಿಲು ತೆಗೆದವರು ಎರಡನೇ ಸಲ ತೆಗೆಯುವುದಿಲ್ಲ.

ಟಾಯ್ಲೆಟ್ ವಿಷಯದಲ್ಲಿ ಇಲ್ಲಿನ ಸರ್ಕಾರ ನನ್ನ ಪ್ರಶ್ನೆಯನ್ನು ನನಗಿಂತ ಮೊದಲೇ ಕೇಳಿತ್ತು. ಊರಾಚೆ ಪುಕ್ಕಟೆ ತಂಗಬೇಕಾದರೆ ಬಹಳ ಕಡೆ ಗಾಡಿ ಸೆಲ್ಫ್ ಕಂಟೇನ್ಡ್ ಆಗಿರಬೇಕು, ಅಂದರೆ ಟಾಯ್ಲೆಟ್, ನೀರು, ಕೊಳೆ ನೀರಿನ ಟ್ಯಾಂಕು ಎಲ್ಲ ಗಾಡಿಯಲ್ಲೇ ಇರಬೇಕು. 2017ರಲ್ಲೇ ಅದರ ನಿಯಮಕ್ಕೆ ತಿದ್ದುಪಡಿ ಬಂತು: ಹಾಸಿಗೆ ಹಾಸಿದ್ದಾಗಲೂ ಒಳಗೆ ಟಾಯ್ಲೆಟ್ ಬಳಸುವಂತಿರಬೇಕು. 2023ರ ಜೂನ್‌ನಲ್ಲಿ ಬಂದ ಹೊಸ ಕಾನೂನು ಟಾಯ್ಲೆಟ್ ಗಾಡಿಗೆ ಜೋಡಿಸಿಯೇ ಇರಬೇಕು ಅಂತು. ಸೀಟಿನ ಕೆಳಗೆ ಅಡಗಿಸಿಟ್ಟ ಡಬ್ಬಿ ನಡೆಯುವುದಿಲ್ಲ. ಹಳೇ ಗಾಡಿ ಕೊಳ್ಳುವವರು ಮೊದಲು ಇದನ್ನು ನೋಡಬೇಕು. ಯುರೋಪಿಗೆ ಅಂತ ಮಾಡಿ ಇಲ್ಲಿಗೆ ತಂದ ಗಾಡಿಯಾದರೆ ಬಾಗಿಲು ಯಾವ ಕಡೆ ಅಂತಲೂ ನೋಡಿ. ಅಲ್ಲಿ ಬಲಗಡೆ ಓಡಿಸುತ್ತಾರೆ, ಹಾಗಾಗಿ ಬಾಗಿಲು ಬಲಕ್ಕಿರುತ್ತದೆ. ಇಲ್ಲಿ ನಮ್ಮೂರಿನ ಹಾಗೆ ಎಡಗಡೆ ಓಡಿಸುವುದು. ರಸ್ತೆ ಬದಿ ನಿಲ್ಲಿಸಿ ಇಳಿದರೆ ಎದುರಿಗೆ ಲಾರಿ.

ಇನ್ನು ಅಡುಗೆ. ಬ್ರೆಡ್ಡು, ಪಾಸ್ತಾ ಮಾಡಿಕೊಳ್ಳುವವರಿಗೆ ಎಲ್ಲಾ ಗಾಡಿಯೂ ಒಂದೇ. ಒಗ್ಗರಣೆ ಹಾಕುವವರಿಗೆ ಅಲ್ಲ. ಎರಡು ಒಲೆ ಅಂತ ಬರೆದಿರುತ್ತದೆ, ದೋಸೆ ಕಾವಲಿ ಇಟ್ಟರೆ ಎರಡನೇ ಒಲೆ ಮುಚ್ಚಿಹೋಗಿರುತ್ತದೆ. ಒಣಮೆಣಸು ಕರಿದ ಘಾಟಿಗೆ ಹೊಗೆ ಅಲಾರಂ ಬಾಯಿ ಬಡಿದುಕೊಳ್ಳುತ್ತದೆ. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಕಿಟಕಿ ತುಂಬಾ ನೀರಿನ ಹನಿ. ಒಲೆಯ ಮೇಲೆ ಸೂರಿನಲ್ಲಿ ಫ್ಯಾನ್ ಇದೆಯಾ, ಒಲೆಗೂ ಹಾಸಿಗೆಗೂ ಎಷ್ಟು ದೂರ, ನೋಡಿಕೊಳ್ಳಿ. ಇಲ್ಲಾಂದ್ರೆ ಹಿಂಗಿನ ವಾಸನೆಯ ಹೊದಿಕೆ ಹೊದ್ದು ಮಲಗಬೇಕು. ಅದರಿಂದ ಬೇಸರ ಇಲ್ಲದವರೂ ಇದ್ದಾರೆ, ನಾನೂ ಒಬ್ಬ.

ಈಗ ಯಾರೇ ಬಂದರೂ ನಾನು ಗಾಡಿಯ ಗುಣಗಾನ ಮಾಡುವುದಿಲ್ಲ. ಇಬ್ಬರನ್ನೂ ಒಳಗೆ ಕಳಿಸಿ, ಬಾಗಿಲು ಹಾಕಿ, ಪರದೆ ಎಳೆಯುತ್ತೇನೆ. ಮಳೆ ಬರ್ತಿದೆ, ರಾತ್ರಿ ಎರಡು ಗಂಟೆ ಅಂದುಕೊಳ್ಳಿ ಅನ್ನುತ್ತೇನೆ. ಚಪ್ಪಲಿ ಬಿಚ್ಚಿ ಮಲಗಿ. ಒಬ್ಬರು ಎದ್ದು ಟಾಯ್ಲೆಟ್‌ಗೆ ಹೋಗಿ ಬನ್ನಿ. ಆಮೇಲೆ ಒಬ್ಬರು ಕಾಫಿ ಮಾಡುವ ಹಾಗೆ ಒಲೆ ಮುಂದೆ ನಿಲ್ಲಿ, ಇನ್ನೊಬ್ಬರು ಫ್ರಿಜ್ ಬಾಗಿಲು ತೆಗೆಯಿರಿ. ಇಪ್ಪತ್ತು ನಿಮಿಷ ಬೇಕು. ನಮ್ಮ ಮ್ಯಾನೇಜರಿಗೆ ಮೊದಮೊದಲು ಇದು ಸುಮ್ನೆ ಟೈಮ್ ವೇಸ್ಟ್ ಅನಿಸಿತ್ತು. ಅರ್ಧ ದಾರಿಯಿಂದ ಬರುವ ಫೋನುಗಳು ಕಡಿಮೆಯಾದ ಮೇಲೆ ಏನೂ ಅನ್ನುತ್ತಿಲ್ಲ.

ಹೋದ ತಿಂಗಳು ಡನೀಡನ್‌ನಿಂದ ಮೈಸೂರಿನ ದಂಪತಿ ಬಂದಿದ್ದರು, ಕೊಳ್ಳುವುದಕ್ಕೆ. ಯಜಮಾನರ ಮನಸ್ಸು ಪೂರ್ತಿ ನಡುವೆ ಮಂಚ ಇರುವ ದೊಡ್ಡ ಗಾಡಿಯ ಮೇಲೆ. ಪರದೆ ಎಳೆದು ಹೊರಗೆ ನಿಂತೆ. ಒಳಗಿಂದ ಮೊದಲು ಒಂದು ದಢ್ ಸದ್ದು, ಆಮೇಲೆ 'ಅಯ್ಯೋ', ಆಮೇಲೆ ಮೇಡಂ ನಗು. ಹಣೆ ಉಜ್ಜಿಕೊಳ್ಳುತ್ತಾ ಹೊರಗೆ ಬಂದವರು, 'ಮಂಚಕ್ಕೇ ಅರ್ಧ ಗಾಡಿ ಹೋಯ್ತಲ್ಲ ಮಾರಾಯ್ರೆ, ಇವಳು ಎಲ್ಲಿ ಕೂರಬೇಕು?' ಅಂದರು. ಪಕ್ಕದಲ್ಲಿದ್ದ ಎರಡು ಒಂಟಿ ಹಾಸಿಗೆಯ ಡುಕಾಟೋದಲ್ಲಿ ಮುಕ್ಕಾಲು ಗಂಟೆ ಕಳೆದರು. ಮಾತು ಬಹುಪಾಲು ಮುಗಿದಿತ್ತು. ಅಷ್ಟರಲ್ಲಿ ಮೇಡಂ ತಮ್ಮ ಕಾರಿನಿಂದ ಒಂದು ಚೀಲ ತಂದರು. ಅದರೊಳಗೆ ಮನೆಯ ಕಾವಲಿ, ಮೂರು ಲೀಟರ್ ಕುಕ್ಕರು, ಮಿಕ್ಸಿ. ಕಾವಲಿ ಒಲೆ ಮೇಲಿಟ್ಟು ನೋಡಿದರು, ಕುಕ್ಕರನ್ನು ಕಪಾಟಿನಲ್ಲಿ ಇಟ್ಟು ನೋಡಿದರು. ಮಿಕ್ಸಿ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿದರು.

'750 ವಾಟ್. ಇದನ್ನ ಎಲ್ಲಿ ಚುಚ್ಚೋದು?'

ಕರೆಂಟ್ ಇರುವ ಕ್ಯಾಂಪಿನಲ್ಲಿ ಆದರೆ ಇಲ್ಲಿ, ಬೇರೆ ಕಡೆ ಆದರೆ ಇನ್ವರ್ಟರ್ ಹಾಕಿಸಬೇಕು, ದೊಡ್ಡ ಬ್ಯಾಟರಿಯೂ ಬೇಕು ಅಂದೆ. ಯಜಮಾನರು, 'ಎರಡು ದಿನ ಚಟ್ನಿಪುಡಿ ತಿಂದರೆ ಆಗಲ್ವಾ?' ಅಂದರು. ಮೇಡಂ ಅವರನ್ನು ನೋಡಲೂ ಇಲ್ಲ. 'ಇನ್ವರ್ಟರ್ ಸೇರಿಸಿ ರೇಟ್ ಹೇಳಿ' ಅಂದರು.