ಲೋಯರ್ ಈಸ್ಟ್ ಸೈಡ್‌ಗೆ ಶನಿವಾರ ಮಾತ್ರ ಹೋಗಬೇಡಿ

ಶನಿವಾರ ಬೆಳಿಗ್ಗೆ ಹತ್ತೂವರೆ. ನ್ಯೂಯಾರ್ಕಿನಲ್ಲಿ ಯಹೂದಿಗಳ ಹಳೆಯ ಕೇರಿಯಾದ ಲೋಯರ್ ಈಸ್ಟ್ ಸೈಡ್‌ನ ಎಲ್ಡ್ರಿಜ್ ಬೀದಿಯ 12ನೇ ನಂಬರಿನ ಕಟ್ಟಡದೆದುರು ಹನ್ನೊಂದು ಜನ ಫುಟ್‌ಪಾತಿನ ಮೇಲೆ ನಿಂತಿದ್ದೆವು. ನಮ್ಮ ಗೈಡ್ ಬಾಗಿಲ ಕಡೆ ಕೈ ತೋರಿಸಿ, ಇವತ್ತು ಒಳಗೆ ಬಿಡುವುದಿಲ್ಲ, ಹೊರಗಿನಿಂದಲೇ ನೋಡಿ ಎಂದ. ತಲೆಗೆ 48 ಡಾಲರಿನಂತೆ ಮೂವರಿಗೆ ಕಟ್ಟಿದ್ದೆ. ಬುಕಿಂಗ್ ಮಾಡುವಾಗ 'ಸಿನಗಾಗ್ ಭೇಟಿ ಸೇರಿದೆ' ಅಂತ ದಪ್ಪಕ್ಷರದಲ್ಲಿ ಇತ್ತು. ಸಿನಗಾಗ್ ಎಂದರೆ ಯಹೂದಿಗಳ ಪ್ರಾರ್ಥನಾ ಮಂದಿರ.

ಶುಕ್ರವಾರ ಸೂರ್ಯ ಮುಳುಗಿದಲ್ಲಿಂದ ಶನಿವಾರ ಕತ್ತಲಾಗುವ ತನಕ ಯಹೂದಿಗಳಿಗೆ ಸಬ್ಬತ್. ನಿಷ್ಠೆಯಿಂದ ಪಾಲಿಸುವವರು ಆ ಹೊತ್ತಿನಲ್ಲಿ ದುಡ್ಡು ಮುಟ್ಟುವುದಿಲ್ಲ, ಬೆಂಕಿ ಹಚ್ಚುವುದಿಲ್ಲ, ವಾಹನ ಹತ್ತುವುದಿಲ್ಲ. ಎಲ್ಡ್ರಿಜ್ ಬೀದಿಯ ಸಿನಗಾಗ್ ಈಗ ಮ್ಯೂಸಿಯಂ ಆಗಿದ್ದರೂ ಅಲ್ಲಿ ಪ್ರಾರ್ಥನೆ ನಿಂತಿಲ್ಲ. ಹಾಗಾಗಿ ಶನಿವಾರ ನೋಡಲು ಬಂದವರಿಗೆ ಪ್ರವೇಶವಿಲ್ಲ. ಯಹೂದಿಗಳ ಊರುಕೇರಿ ತೋರಿಸುತ್ತೇನೆ ಎಂದು ದುಡ್ಡು ತೆಗೆದುಕೊಂಡವರಿಗೆ ಇಷ್ಟು ಗೊತ್ತಿರಲಿಲ್ಲ ಎಂದರೆ ನಂಬಲು ಆಗುವುದಿಲ್ಲ. ಗೊತ್ತಿದ್ದೇ ಟಿಕೆಟ್ ಮಾರಿದ್ದಾರೆ. ದುಡ್ಡು ವಾಪಸ್ ಕೇಳಿದ್ದಕ್ಕೆ 'ಟೂರ್ ನಡೆದಿದೆಯಲ್ಲ' ಎಂದು ಒಂದೇ ಸಾಲಿನ ಉತ್ತರ ಬಂತು.

ಈ ಪ್ರವಾಸ ಹೊರಟಿದ್ದು ಅಪ್ಪನಿಗಾಗಿ. ಹಾಸನದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ಈ ಸಲ ಫಿಲಡೆಲ್ಫಿಯಾಕ್ಕೆ ನಮ್ಮನೆಗೆ ಬಂದಾಗ, "ಟೈಮ್ಸ್ ಸ್ಕ್ವೇರ್ ಸಾಕು ಕಣೋ, ಹೊಟ್ಟೆಪಾಡಿಗೆ ಬಂದ ಜನ ಮೊದಲು ಎಲ್ಲಿ ಬದುಕಿದರು ಅಂತ ನೋಡಬೇಕು" ಎಂದರು. ಆ ಬಾಗಿಲೆದುರು ಅವರು ಏನೂ ಅನ್ನಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕಟ್ಟಡವನ್ನೇ ನೋಡುತ್ತ ನಿಂತಿದ್ದರು. ನನಗೆ ಹೊಟ್ಟೆ ಉರಿದುಹೋಯಿತು. ಇನ್ನೊಂದು ರಾತ್ರಿ ಉಳಿಯೋಣ ಎಂದು ಅಲ್ಲೇ ನಿರ್ಧಾರ ಮಾಡಿದೆ. ಆ ರೂಮಿನ ಕಥೆ ಬೇರೆ. 190 ಡಾಲರ್ ಎಂದು ತೋರಿಸಿ, ಕೊನೆಗೆ ಯಾವುದೋ 'ಸೌಲಭ್ಯ ಶುಲ್ಕ' ಸೇರಿಸಿ 240 ವಸೂಲು ಮಾಡಿದರು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಪ್ಪನಿಗೋ ಮಂಡಿನೋವು. ಬುಕ್ ಮಾಡುವ ಮೊದಲು ಫೋನ್ ಮಾಡಿ ಲಿಫ್ಟ್ ಇದೆಯಾ, ಎಲ್ಲ ಸೇರಿ ಎಷ್ಟು, ಈ ಎರಡು ಪ್ರಶ್ನೆ ಕೇಳಿಬಿಡಿ.

ಭಾನುವಾರ ಅದೇ ಬಾಗಿಲು ತೆರೆದಿತ್ತು. ಗೈಡ್ ಬೇಕಾಗಲೇ ಇಲ್ಲ, ಮ್ಯೂಸಿಯಂನವರೇ ಎಲ್ಲ ಹೇಳುತ್ತಾರೆ. ಬಾಗಿಲಲ್ಲಿ ಚೀಲ ತೆರೆದು ತೋರಿಸಿ ಎಂದರೆ ಬೇಸರ ಮಾಡಿಕೊಳ್ಳಬೇಡಿ. 2018ರಲ್ಲಿ ಪಿಟ್ಸ್‌ಬರ್ಗಿನ ಸಿನಗಾಗಿನಲ್ಲಿ ಪ್ರಾರ್ಥನೆಗೆ ಬಂದ ಹನ್ನೊಂದು ಜನರನ್ನು ಒಬ್ಬ ಗುಂಡಿಟ್ಟು ಕೊಂದ. ಅದೂ ಒಂದು ಶನಿವಾರವೇ.

ಈ ಸಿನಗಾಗ್ ಕಟ್ಟಿದ್ದು 1887ರಲ್ಲಿ, ಪೂರ್ವ ಯುರೋಪಿನಿಂದ ಹಡಗು ಹತ್ತಿ ಬಂದ ಜನ. ಬೀದಿ ಇಕ್ಕಟ್ಟು, ಸುತ್ತ ಈಗ ಚೀನೀಯರ ಅಂಗಡಿಗಳು. ಒಳಗೆ ಕಾಲಿಟ್ಟರೆ ಮಾತ್ರ ಕತ್ತು ಎತ್ತಿ ನೋಡುವಷ್ಟು ಎತ್ತರದ ಕಮಾನು ಚಾವಣಿ, ಬಣ್ಣದ ಗಾಜಿನ ಕಿಟಕಿಗಳು, ಹೆಂಗಸರು ಕೂರಲು ಮೇಲೆ ಬೇರೆ ಉಪ್ಪರಿಗೆ. ಜನ ಬೇರೆ ಬಡಾವಣೆಗಳಿಗೆ ಹೋದಂತೆ, 1950ರ ದಶಕದಲ್ಲಿ ಮೇಲಿನ ದೊಡ್ಡ ಹಾಲ್ ಮುಚ್ಚಿದರು. ಉಳಿದ ಕೆಲವರು ಕೆಳಗಿನ ಸಣ್ಣ ಕೋಣೆಯಲ್ಲಿ ಪ್ರಾರ್ಥನೆ ನಡೆಸಿಕೊಂಡು ಬಂದರು. ಇಪ್ಪತ್ತು ವರ್ಷ ದುರಸ್ತಿ ಮಾಡಿ 2007ರಲ್ಲಿ ಮುಗಿಸಿದ್ದಾರೆ.

ಅಲ್ಲಿ ಹೋದರೆ ಚಾವಣಿ ನೋಡಿದ ಮೇಲೆ ನೆಲ ನೋಡಿ. ಬೆಂಚುಗಳ ಮುಂದೆ ಮರದ ಹಲಗೆ ಕಾಲಿಡುವ ಜಾಗದಲ್ಲಿ ತಗ್ಗು ಬಿದ್ದಿದೆ. ಯಹೂದಿಗಳು ಪ್ರಾರ್ಥಿಸುವಾಗ ಹಿಂದಕ್ಕೂ ಮುಂದಕ್ಕೂ ತೂಗುತ್ತಾರೆ. ದಶಕಗಳ ಕಾಲ ಅದೇ ಜಾಗದಲ್ಲಿ ಪಾದ ಊರಿ ತೂಗಿದ ಗುರುತು ಅದು. ರಿಪೇರಿ ಮಾಡಿದವರು ಹಲಗೆ ಬದಲಿಸದೆ ಹಾಗೇ ಬಿಟ್ಟಿದ್ದಾರೆ. ಅಮ್ಮ ಚಪ್ಪಲಿ ಕಳಚಿ, ತಗ್ಗಿನ ಪಕ್ಕ ಬರಿಗಾಲಲ್ಲಿ ನಿಂತು, "ನಮ್ಮೂರ ಗುಡಿ ಹೊಸ್ತಿಲೂ ಹಿಂಗೇ ಸವೆದಿಲ್ವೇನೋ" ಅಂದರು. ಅರ್ಧ ಗಂಟೆ ಆ ಬೆಂಚು ಬಿಟ್ಟು ಏಳಲಿಲ್ಲ.

ಮಧ್ಯಾಹ್ನ ಆರ್ಚರ್ಡ್ ಬೀದಿಯ ಟೆನೆಮೆಂಟ್ ಮ್ಯೂಸಿಯಂ. ಟೆನೆಮೆಂಟ್ ಎಂದರೆ ನಮ್ಮ ವಠಾರವೇ, ಒಂದರ ಮೇಲೊಂದು ಪೇರಿಸಿದ ವಠಾರ. 97ನೇ ನಂಬರಿನ ಈ ಕಟ್ಟಡ ಎದ್ದಿದ್ದು 1863ರಲ್ಲಿ. 1935ರವರೆಗೆ ಸುಮಾರು 7,000 ಜನ ಇಲ್ಲಿ ಬಾಳಿದರು. ಒಂದು ಮನೆ ಎಂದರೆ 325 ಚದರ ಅಡಿಯಲ್ಲಿ ಮೂರು ಕೋಣೆ. 1905ರ ತನಕ ಪಾಯಖಾನೆ ಹಿತ್ತಲಲ್ಲಿ. ಲೆವೀನ್ ಎಂಬ ಕುಟುಂಬ ಇದರ ಮುಂದಿನ ಕೋಣೆಯಲ್ಲೇ ಬಟ್ಟೆ ಹೊಲಿಯುವ ಕಾರ್ಖಾನೆ ನಡೆಸುತ್ತಿತ್ತು. ಇಸ್ತ್ರಿಗೆ ಕೆಂಡ, ಅಡುಗೆಗೆ ಕೆಂಡ, ತೊಟ್ಟಿಲಲ್ಲಿ ಕೂಸು, ಎಲ್ಲ ಅಷ್ಟರಲ್ಲೇ. ಟಿಕೆಟ್ ಮೊದಲೇ ತೆಗೆದುಕೊಳ್ಳಿ, ಸುಮ್ಮನೆ ಹೋದರೆ ಒಳಗೆ ಬಿಡುವುದಿಲ್ಲ. ಹಳೆಯ ಕಟ್ಟಡದಲ್ಲಿ ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದು. ಅಪ್ಪ ಹಿಂದಿನ ದಿನದ ರೂಮಿನ ಮೆಟ್ಟಿಲಿಗೆ ಆಗಲೇ ಸುಸ್ತಾಗಿದ್ದರಿಂದ ಅರ್ಧಕ್ಕೇ ಕೆಳಗೆ ಕೂತರು. ಅದು ನನ್ನ ತಪ್ಪು. ಮಂಡಿನೋವಿದ್ದವರು ಇದನ್ನು ಬೆಳಿಗ್ಗೆ ಮೊದಲು ನೋಡಬೇಕು.

ಇನ್ನು ಊಟ. ಅಮ್ಮ ಮುಸುರೆ ನೋಡುವವರು. ಅನ್ನ ಮುಟ್ಟಿದ ಕೈ ತೊಳೆಯದೆ ಮೊಸರಿನ ಪಾತ್ರೆ ಮುಟ್ಟುವುದಿಲ್ಲ. ಅಮೆರಿಕದ ಹೋಟೆಲ್ ಎಂದರೆ ಅವರಿಗೆ ಸದಾ ಅನುಮಾನ. ಯಹೂದಿಗಳ ಕೋಷರ್ ಪದ್ಧತಿಯಲ್ಲಿ ಹಾಲು ಮತ್ತು ಮಾಂಸ ಒಂದೇ ಪಾತ್ರೆಗೆ ಬೀಳುವಂತಿಲ್ಲ, ಪಾತ್ರೆ ಬೇರೆ, ತೊಳೆಯುವುದೂ ಬೇರೆ, ಹಾಗಾಗಿ 'ಡೈರಿ' ಎಂದಿರುವ ಕೋಷರ್ ಹೋಟೆಲಿನ ಅಡುಗೆಮನೆಗೆ ಮಾಂಸ ಬರುವುದೇ ಇಲ್ಲ ಎಂದು ವಿವರಿಸಿದೆ. "ಅಂದ್ರೆ ಅವರಿಗೂ ಮುಸುರೆ ಇದೆ ಅನ್ನು" ಎಂದು ಅಮ್ಮ ನಿಶ್ಚಿಂತೆಯಿಂದ ಒಳಗೆ ಬಂದರು. ಒಂದು ಎಚ್ಚರಿಕೆ: ಡೈರಿ ಹೋಟೆಲಿನಲ್ಲಿ ಮೀನು, ಮೊಟ್ಟೆ ಇರಬಹುದು. ಕೇಳಿಯೇ ತೆಗೆದುಕೊಳ್ಳಿ.

ನಾವು ಹೋದದ್ದು ಈಸ್ಟ್ ಹ್ಯೂಸ್ಟನ್ ಬೀದಿಯ ಯೋನಾ ಶಿಮೆಲ್ ಅಂಗಡಿಗೆ. 1910ರಿಂದ ಅದೇ ಜಾಗದಲ್ಲಿದೆ. ಅಲ್ಲಿ ಮಾಡುವುದು ಕ್ನಿಶ್. ನಮ್ಮ ಹೋಳಿಗೆಯ ಹಾಗೆ ಇದಕ್ಕೂ ಕಣಕ, ಹೂರಣ ಎರಡೂ ಉಂಟು. ಕಣಕ ತೀರಾ ತೆಳು, ಹೂರಣ ಬೇಯಿಸಿ ಹಿಸುಕಿದ ಆಲೂಗಡ್ಡೆ ಮತ್ತು ಈರುಳ್ಳಿ. ಕರಿಯುವುದಿಲ್ಲ, ಒಲೆಯಲ್ಲಿ ಸುಡುತ್ತಾರೆ. ನೆಲಮಾಳಿಗೆಯ ಅಡುಗೆಮನೆಯಿಂದ ಸಣ್ಣ ಪೆಟ್ಟಿಗೆಯಂಥ ಲಿಫ್ಟಿನಲ್ಲಿ ತಟ್ಟೆ ಮೇಲೆ ಬರುತ್ತದೆ, ಬಂದ ಕೂಡಲೇ ಅಂಗಡಿ ತುಂಬ ಕಾದ ಈರುಳ್ಳಿಯ ಪರಿಮಳ. ಒಂದೊಂದೂ ಎರಡು ಕೈ ಕೂಡಿಸಿದಷ್ಟು ದೊಡ್ಡದು, ಒಂದು ತಿಂದರೆ ಹೊಟ್ಟೆ ತುಂಬುತ್ತದೆ. ಐದಾರು ಡಾಲರಿಗೆ ಮ್ಯಾನ್‌ಹ್ಯಾಟನ್‌ನಲ್ಲಿ ಕೂತು ಬಿಸಿಬಿಸಿ ತಿನ್ನುವುದು ಬೇರೇನು ಸಿಗುತ್ತದೆ ಹೇಳಿ? ಖಾರ ಬೇಕೆನ್ನುವವರಿಗೆ ಸಾಸಿವೆಯ ಗೊಜ್ಜು ಕೊಡುತ್ತಾರೆ. ಅಪ್ಪನಿಗೆ ಎಲೆಕೋಸಿನದು ಹಿಡಿಸಿತು, ಅಮ್ಮನಿಗೆ ಪಾಲಕ್ಕಿನದು. ದಾರಿಗೆಂದು ಆರು ಕಟ್ಟಿಸಿಕೊಂಡೆವು, ಮರುದಿನ ಮನೆಯಲ್ಲಿ ಕಾವಲಿಯ ಮೇಲೆ ಬಿಸಿ ಮಾಡಿದರೆ ಹೊರಪದರ ಇನ್ನೂ ಗರಿಗರಿಯಾಯಿತು. ಅದೇ ಬೀದಿಯಲ್ಲಿ ಜನ ಸಾಲುಗಟ್ಟಿ ನಿಲ್ಲುವ ಹೆಸರುವಾಸಿ ಅಂಗಡಿಗಳಲ್ಲಿ ಸಸ್ಯಾಹಾರಿಗಳಿಗೆ ಹೆಚ್ಚೇನೂ ಇಲ್ಲ.

ಹೊರಡುವ ಮುಂಚೆ ಸೇಂಟ್ ಜೇಮ್ಸ್ ಪ್ಲೇಸಿನ ಹಳೆಯ ಸ್ಮಶಾನಕ್ಕೆ ಹೋದೆವು. 1654ರಲ್ಲಿ ಬ್ರೆಜಿಲಿನ ರೆಸಿಫೆಯಿಂದ ಓಡಿಬಂದ 23 ಯಹೂದಿಗಳನ್ನು ಇಲ್ಲಿನ ಡಚ್ ಗವರ್ನರ್ ಹೊರಗಟ್ಟಲು ನೋಡಿದ, ಅವನ ಮೇಲಿನವರು ಬಿಡಲಿಲ್ಲ. ಆ 23 ಜನ ಶುರುಮಾಡಿದ ಶಿಯರಿತ್ ಇಸ್ರೇಲ್ ಎಂಬ ಪ್ರಾರ್ಥನಾ ಸಭೆ ಇಂದಿಗೂ ಇದೆ, ಈ ಸ್ಮಶಾನ ಆ ಸಭೆಯದು, ಕಲ್ಲುಗಳು 1683ರಿಂದ ಸಿಗುತ್ತವೆ. ಗೇಟಿಗೆ ಬೀಗ, ಕಂಬಿಯ ಸಂದಿಯಿಂದಲೇ ನೋಡಬೇಕು. ಇದಕ್ಕೆ ಟಿಕೆಟ್ ಇಲ್ಲ, ಜನಜಂಗುಳಿಯೂ ಇಲ್ಲ. 1776ರಲ್ಲಿ ಬ್ರಿಟಿಷ್ ಸೈನ್ಯ ಬಂದಾಗ ನ್ಯೂಯಾರ್ಕ್ ಬಿಟ್ಟು, ಕೊನೆಗೆ ನಮ್ಮ ಫಿಲಡೆಲ್ಫಿಯಾಕ್ಕೇ ಬಂದು ಸೇರಿದ, ಈ ಸಭೆಯ ಧಾರ್ಮಿಕ ಮುಖಂಡ ಗೆರ್ಷೋಮ್ ಮೆಂಡೆಸ್ ಸೇಶಸ್ ಮಲಗಿರುವುದು ಇಲ್ಲೇ. ಆ ಕಥೆ ಕೇಳಿ ಅಪ್ಪ ಕಂಬಿ ಹಿಡಿದು ಬಹಳ ಹೊತ್ತು ನಿಂತರು, ಮಂಡಿನೋವು ಮರೆತೇಹೋಗಿತ್ತು.

ಹೋಗುವವರು ಭಾನುವಾರ ಇಟ್ಟುಕೊಳ್ಳಿ. ಶುಕ್ರವಾರವೇ ಆಗಬೇಕೆಂದರೆ ಬೆಳಿಗ್ಗೆಯೇ ಮುಗಿಸಿ. ಡಿಸೆಂಬರಿನಲ್ಲಿ ಸೂರ್ಯ ನಾಲ್ಕೂವರೆಗೇ ಮುಳುಗುತ್ತಾನೆ, ಸಬ್ಬತ್ ಪಾಲಿಸುವ ಅಂಗಡಿಗಳು ಅದಕ್ಕೂ ಮೊದಲೇ ಬಾಗಿಲು ಹಾಕುತ್ತವೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅವರ ಹೊಸವರ್ಷ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬಗಳು ಸಾಲಾಗಿ ಬರುತ್ತವೆ, ಆಗ ವಾರದ ನಡುವೆಯೂ ಮುಚ್ಚಿರುತ್ತದೆ. ಡಿ ರೈಲಿನಲ್ಲಿ ಗ್ರ್ಯಾಂಡ್ ಸ್ಟ್ರೀಟ್ ಸ್ಟೇಷನ್ನಿಗೆ ಇಳಿದರೆ ಸಿನಗಾಗ್ ನಡೆಯುವಷ್ಟೇ ದೂರ.